ಕಿವಿಯೊಳಗಿನ ಗೆರೆ

ನಮ್ಮೂರಿನಲ್ಲಿ ಮಧ್ಯಾಹ್ನ ಸುಮಾರು ಎರಡೂವರೆಯಿಂದ ಮೂರೂವರೆಯವರೆಗೆ ಸದ್ದು ಇರುವುದಿಲ್ಲ. ಅದಕ್ಕೆ ನಾವು ಗಪ್ಪು ಅನ್ನುತ್ತೇವೆ. ಗಪ್ಪು ಬಿತ್ತು ಅಂದರೆ ಬಿತ್ತು. ತುಂಬಿದ ಕೊಡ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ನೀರು ಚೆಲ್ಲುವುದು ಕಾಣುತ್ತದೆ, ಢಣ್ ಅನ್ನುವುದಿಲ್ಲ. ನಾಯಿ ಬಾಯಿ ತೆರೆದು ಮುಚ್ಚಿ, ತಾನು ಬೊಗಳಿದ್ದು ತನಗೇ ಕೇಳಿಸದೆ, ಬೇಸರಪಟ್ಟು ಮಲಗುತ್ತದೆ. ಆ ಹೊತ್ತಿನಲ್ಲಿ ಯಾರೂ ಒಲೆಯ ಮೇಲೆ ಕುಕ್ಕರ್ ಇಡುವುದಿಲ್ಲ; ಸೀಟಿ ಎಣಿಸುವುದು ಹೇಗೆ? ಬಾಣಂತಿಯರು ಕೂಸನ್ನು ತೊಟ್ಟಿಲಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಳ್ಳುತ್ತಾರೆ, ಅತ್ತರೆ ಮೈಗಾದರೂ ಗೊತ್ತಾಗಲಿ ಎಂದು. ಬಸ್ಸು ಊರ ಹೊರಗಿನ ಬೇವಿನ ಮರದ ಕೆಳಗೇ ನಿಂತುಬಿಡುತ್ತದೆ. ಜಗಳ ಅರ್ಧಕ್ಕೆ ನಿಂತರೆ, 'ಗಪ್ಪು ಹರೀಲಿ, ನಿನಗ ತೋರಿಸ್ತೀನಿ' ಎಂದು ಬೆರಳಿನಲ್ಲೇ ಹೇಳಿ ಇಬ್ಬರೂ ಎದುರುಬದುರು ಕೂರುತ್ತಾರೆ. ಗಪ್ಪು ಹರಿಯುವಷ್ಟರಲ್ಲಿ ಅರ್ಧ ಜಗಳ ಮರೆತೇ ಹೋಗಿರುತ್ತದೆ.

ಹಾಗಾಗಿ ನಮ್ಮೂರಲ್ಲಿ ಎಲ್ಲರಿಗೂ ಕೈಮಾತು ಬರುತ್ತದೆ. ನನಗೆ ಅದನ್ನು ಕಲಿಸಿದವರು ನನ್ನ ಗಂಡ. ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಮನೆತುಂಬಿಸಿಕೊಂಡ ದಿನ ಊಟಕ್ಕೆ ಕೂತಾಗಲೇ ಗಪ್ಪು ಬಿತ್ತು. ಹೆದರಿ ಎದ್ದು ನಿಂತ ನನ್ನನ್ನು ಅವರು ಕೈ ಹಿಡಿದು ಕೂರಿಸಿ, ಎದುರಿಗೆ ಕೂತು, ನೀರು, ಉಪ್ಪು, ಸಾಕು, ಇನ್ನಷ್ಟು ಎಂದು ಒಂದೊಂದೇ ತೋರಿಸಿದರು. ಗಂಡನ ಜೊತೆ ನಾನು ಆಡಿದ ಮೊದಲ ಮಾತು 'ಉಪ್ಪು ಬೇಕು'. ಕೈಮಾತಿನಲ್ಲಿ 'ನೀವು' ಎಂಬುದಿಲ್ಲ. ಬೆರಳು ತೋರಿದರೆ 'ನೀನು' ಅಷ್ಟೇ. ಬಾಯಲ್ಲಿ ಇಂದಿಗೂ ನಾನು ಅವರಿಗೆ 'ರೀ' ಅನ್ನುವವಳು, ಕೈಯಲ್ಲಿ ಮೊದಲ ದಿನದಿಂದಲೂ 'ನೀನು' ಅಂದವಳು. ಅತ್ತೆಯ ಎದುರಿಗೂ ಅಂದೆ. ಯಾರೂ ತಪ್ಪು ತಿಳಿಯಲಿಲ್ಲ.

ನಮ್ಮವರ ಹೆಸರು ದ್ಯಾಮಣ್ಣ. ಬರೆಯುವಾಗ ಬರೆಯಬಹುದು, ಬಾಯಲ್ಲಿ ಹೇಳುವುದಿಲ್ಲ. ಅವರಿಗೆ ಒಂಬತ್ತನೇ ವರ್ಷದಿಂದ ಎರಡೂ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾರೆ. ತಾವೂ ಮಾತಾಡುತ್ತಾರೆ, ಆದರೆ ದನಿ ಎಷ್ಟು ಏರಿತು ಎಷ್ಟು ಇಳಿಯಿತು ಎಂದು ಅವರಿಗೆ ತಿಳಿಯುವುದಿಲ್ಲ. ಒಮ್ಮೆ ಸಾವಿನ ಮನೆಯಲ್ಲಿ ಗುಟ್ಟಾಗಿ ಹೇಳಲು ಹೋಗಿ ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದರಂತೆ. ಜನ ನಕ್ಕಿದ್ದನ್ನು ನೋಡಿದ ಮೇಲೆ ಹೊರಗೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು.

ನಮ್ಮದು ಹಿಟ್ಟಿನ ಗಿರಣಿ. ಕಲ್ಲು ಬಿಸಿಯಾಯಿತೇ, ಬೆಲ್ಟು ಸಡಿಲವಾಯಿತೇ ಎಂದು ಅವರು ಅಂಗಾಲಿನಿಂದಲೇ ಹೇಳುತ್ತಾರೆ. ಗಿರಾಕಿಗಳ ಮಾತು ಕೇಳುವುದು, ತೂಗುವುದು, ಡಬ್ಬಿ ಸಾಲಾಗಿ ಇಡುವುದು ನನ್ನ ಕೆಲಸ. ಗಪ್ಪು ಬಿದ್ದಾಗ ಗಿರಣಿ ನಿಲ್ಲಿಸುತ್ತೇವೆ. ಆಗ ಓಣಿಯ ಜನ ನಮ್ಮ ಗಿರಣಿಯ ಕಟ್ಟೆಗೆ ಬಂದು ಕೂರುತ್ತಾರೆ, ಏಕೆಂದರೆ ಆ ಒಂದು ಗಂಟೆ ಊರಿಗೆಲ್ಲ ನಮ್ಮವರೇ ಮಾತುಗಾರರು. ಬೇರೆಯವರ ಕೈಮಾತು ಬೇಕಾದ್ದಕ್ಕೆ ಮಾತ್ರ. ಅವರದು ಹಾಗಲ್ಲ. ಸಂತೆಯಲ್ಲಿ ಎಮ್ಮೆ ಕೊಂಡವನ ಕತೆಯನ್ನು ಅವರು ಹೇಳಿದರೆ ಎಮ್ಮೆಯೂ ಕಾಣುತ್ತದೆ, ಮಾರಿದವನ ಮೀಸೆಯೂ ಕಾಣುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಾರೆ. ನಾನು ಬಾಗಿಲಿಗೆ ಒರಗಿ ನಿಂತು ನೋಡುತ್ತೇನೆ. ಉಳಿದ ಇಪ್ಪತ್ಮೂರು ಗಂಟೆ ನಾವಿಬ್ಬರೂ ಬೇರೆ ಬೇರೆ ಕಡೆ ಇರುವವರು. ನನ್ನ ಕಡೆ ಸದ್ದಿದೆ, ಅವರ ಕಡೆ ಇಲ್ಲ. ಆ ಒಂದು ಗಂಟೆ ಇಬ್ಬರೂ ಒಂದೇ ಕಡೆ ಇರುತ್ತಿದ್ದೆವು.

ಮೂರು ವರ್ಷದ ಹಿಂದೆ ನನ್ನ ಮಣಕಾಲು ಹಿಡಿಯಿತು. ಗಿರಣಿಯ ಬಾಯಿಗೆ ಕಾಳು ಸುರಿಯಲು ಮೂರು ಮೆಟ್ಟಿಲು ಹತ್ತಬೇಕು. ಡಬ್ಬಿ ಎತ್ತಿಕೊಂಡು ಅಡ್ಡಡ್ಡ ಕಾಲಿಟ್ಟು ಹತ್ತುತ್ತಿದ್ದೆ. ನೋವೆಂದು ನಾನು ಹೇಳಿರಲಿಲ್ಲ, ಆದರೆ ನೋಡಿಯೇ ಬದುಕುವ ಮನುಷ್ಯನಿಂದ ಏನನ್ನು ಮುಚ್ಚಿಡುವುದು? ಒಂದು ದಿನ ಅವರು ಕಸ್ತೂರಕ್ಕನ ಮನೆಯಿಂದ ಮಾತ್ರೆಗಳ ಒಂದು ಹಸಿರು ಡಬ್ಬಿ ತಂದು ನನ್ನ ಕೈಗಿಟ್ಟರು. ಕೊಡುವಾಗ ಅವರ ಮುಖ ನೋಡಬೇಕಿತ್ತು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಅಷ್ಟು ಹಿಗ್ಗಿರಲಿಲ್ಲ.

ಕಸ್ತೂರಕ್ಕ ನಮ್ಮ ಎದುರು ಮನೆಯವಳು, ಜಂಪರ್ ಹೊಲಿಯುತ್ತಾಳೆ. ತಿಂಗಳಿಗೊಮ್ಮೆ ಶಹರಕ್ಕೆ ಹೋಗಿ ಯಾವುದೋ ಕಂಪನಿಯ ಮೀಟಿಂಗಿನಲ್ಲಿ ಕೂತು, ಶಕ್ತಿಯ ಪುಡಿ, ಎಲುಬಿನ ಮಾತ್ರೆ, ಕೂದಲಿನ ಮಾತ್ರೆ ಎಂದು ಚೀಲ ತುಂಬಿಕೊಂಡು ಬರುತ್ತಿದ್ದಳು. ಮೋಸದ ಹೆಂಗಸಲ್ಲ. ಮಾರುವುದನ್ನು ತಾನೂ ನುಂಗುತ್ತಿದ್ದಳು. ನಾನು ಡಬ್ಬಿ ಹಿಡಿದುಕೊಂಡು ಹೋಗಿ ಕೇಳಿದೆ.

"ಕಸ್ತೂರಕ್ಕ, ಇದರಿಂದ ಏನೂ ಆಗಂಗಿಲ್ಲ ಹೌದಲ್ಲ?"

"ಔಷಧ ಅಲ್ಲವಾ ನೀಲವ್ವ ಇದು, ಆಹಾರ! ಯಾವುದೋ ಗಿಡದ ತೊಗಟಿ ಅಂತ. ಉಂಡಿದ್ದಕ್ಕ ಯಾರಿಗರ ಏನರ ಆಗತೈತೇನು? ಮುಂಜಾನೆ ಒಂದು, ರಾತ್ರಿ ಒಂದು. ಎಂಟೇ ದಿನದಾಗ ಓಡ್ಯಾಡ್ತಿ ನೋಡು."

ಓಡಾಡಲು ಎಂಟು ದಿನ ಅಲ್ಲ, ಹದಿನೈದು ದಿನ ಹಿಡಿಯಿತು. ಆದರೆ ನಿಜವಾಗಿ ನೋವು ಇಳಿಯಿತು. ನಾನು ಮೆಟ್ಟಿಲನ್ನು ನೇರವಾಗಿ ಹತ್ತಿದ ದಿನ ನಮ್ಮವರು ಗಿರಣಿ ನಿಲ್ಲಿಸಿ ಕಟ್ಟೆಯ ಮೇಲಿನವರಿಗೆಲ್ಲ ನನ್ನ ಮೊದಲಿನ ನಡಿಗೆ, ಈಗಿನ ನಡಿಗೆ ಎರಡನ್ನೂ ಮಾಡಿ ತೋರಿಸಿದರು. ಅಷ್ಟರಲ್ಲಿ ಪಂಚಮಿ ಹತ್ತಿರ ಬಂತು. ಉಂಡಿ ಕಟ್ಟಲು ಊರಿನ ಹಿಟ್ಟೆಲ್ಲ ನಮ್ಮಲ್ಲೇ ಬೀಸಬೇಕು. ಡಬ್ಬಿಗಳ ಸಾಲು ಬಾಗಿಲು ದಾಟಿ ಓಣಿಗೆ ಹೋಗಿತ್ತು. ದಿನವೆಲ್ಲ ಹತ್ತಿ ಇಳಿದು ಮಾಡಿದೆ, ಮಣಕಾಲು ಮತ್ತೆ ಚುಳುಕೆನ್ನತೊಡಗಿತು. ಆಹಾರವೇ ಅಂದಮೇಲೆ ಎರಡು ತುತ್ತು ಹೆಚ್ಚಿಗೆ ಉಂಡರೇನು ಎಂದು ನಾನೇ ಬುದ್ಧಿ ಓಡಿಸಿ, ಮುಂಜಾನೆ ಎರಡು, ರಾತ್ರಿ ಎರಡು ನುಂಗತೊಡಗಿದೆ. ಯಾರಿಗೂ ಹೇಳಲಿಲ್ಲ.

ಪಂಚಮಿ ಮುಗಿದ ಮೇಲೆ ಒಂದು ದಿನ ಗಪ್ಪು ಬಿತ್ತು. ನಾನು ಬಾಗಿಲಿಗೆ ಒರಗಿದೆ. ಯಾವುದೋ ಸದ್ದು ಕೇಳಿಸಿತು.

ಗಪ್ಪಿನ ಹೊತ್ತಿನಲ್ಲಿ ಸದ್ದು! ಬಹಳ ಸಣ್ಣ ಸದ್ದು. ಕಂಚಿನ ತಟ್ಟೆಯನ್ನು ಯಾರೋ ಬಾರಿಸಿ ಬಿಟ್ಟುಹೋದ ಮೇಲೆ ಉಳಿಯುತ್ತದಲ್ಲ, ಆ ಕೊನೆಯ ಎಳೆ. ಅದು ಆರುತ್ತಲೇ ಇರಲಿಲ್ಲ. ಕಟ್ಟೆಯ ಮೇಲೆ ಕೂತವರ ಮುಖ ನೋಡಿದೆ. ಯಾರೂ ತಲೆ ಎತ್ತಿರಲಿಲ್ಲ. ಚಪ್ಪಾಳೆ ತಟ್ಟಿ ನೋಡಿದೆ, ಸದ್ದಿಲ್ಲ. ಒಳಗೆ ಹೋಗಿ ಕಿವಿಯೊಳಗೆ ಬೆರಳಿಟ್ಟೆ. ಸದ್ದು ಇನ್ನೂ ಹೆಚ್ಚಾಯಿತು. ಅದು ಊರಿನದಲ್ಲ, ನನ್ನದೇ ಎಂದು ಆಗ ತಿಳಿಯಿತು. ಗಪ್ಪು ಹರಿದು ಗಿರಣಿ ಶುರುವಾದ ಮೇಲೆ ಅದು ಮಾಯವಾಯಿತು. ಮಾಯವಾಗಿರಲಿಲ್ಲ, ಗಿರಣಿಯ ಗದ್ದಲದ ಕೆಳಗೆ ಅಡಗಿತ್ತು. ಮರುದಿನ ಗಪ್ಪು ಬಿದ್ದೊಡನೆ ಎದ್ದು ಕೂತಿತು. ಅದರ ಮರುದಿನವೂ.

ಮಾತ್ರೆಯ ಮೇಲೆ ನನಗೆ ಅನುಮಾನ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೇ ವಾರಕ್ಕೇ ಬಂದಿತ್ತು. ಆದರೆ ಬಿಟ್ಟರೆ ಮಣಕಾಲು ಹಿಡಿಯುತ್ತದೆ, ಹಿಡಿದರೆ ಅವರು ಯಾಕೆಂದು ಕೇಳುತ್ತಾರೆ, ಹೇಳಿದರೆ ತಾನು ತಂದುಕೊಟ್ಟದ್ದರಿಂದ ಹೀಗಾಯಿತೆಂದು ಕೊರಗುತ್ತಾರೆ. ಅದಕ್ಕೆ ಸುಮ್ಮನಿದ್ದೆ. ಸುಮ್ಮನಿರುವುದು ಸುಲಭವಾಗಿರಲಿಲ್ಲ. ಅವರು ಕಟ್ಟೆಯ ಮೇಲೆ ಕತೆ ಹೇಳುತ್ತಿದ್ದರೆ ನನ್ನ ಗಮನವನ್ನೆಲ್ಲ ಆ ಎಳೆ ಎಳೆದುಕೊಂಡು ಹೋಗುತ್ತಿತ್ತು. ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದ ಜಾಗದಿಂದ ಹೇಳದೆ ಎದ್ದು ಹೋದ ಹಾಗೆ ಅನಿಸುತ್ತಿತ್ತು ನನಗೆ. ಅವರ ಕಡೆ ಸದ್ದಿರಲಿಲ್ಲ, ನನ್ನ ಕಡೆ ಇತ್ತು, ಆ ಒಂದು ಗಂಟೆಯಲ್ಲೂ.

ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ನಮ್ಮವರು ಕೇಳಿದರು. "ನನ್ನ ಕತಿ ಹಳೇವಾದ್ವೇನು?"

"ಇಲ್ಲಲ್ಲ. ಯಾಕ?"

"ನೀ ಮದಲು ನಗತಿದ್ದಿ. ನಿನ್ನ ನೋಡಿ ಅವರು ನಗತಿದ್ರು."

ನಾನು ಏನೋ ದಣಿವು ಎಂದೆ. ಅವರು ತಲೆಯಾಡಿಸಿದರು. ಮರುದಿನದಿಂದ ಕತೆ ಚಿಕ್ಕದಾಯಿತು. ಆಮೇಲೆ ಒಂದೆರಡು ದಿನ ಹೇಳಲೇ ಇಲ್ಲ, ಹಗ್ಗ ಹೊಸೆಯುತ್ತಾ ಕೂತರು. ದಣಿವು ಅಂದಿದ್ದಕ್ಕೆ ಕಸ್ತೂರಕ್ಕನ ಹತ್ತಿರ ಅದೇ ಮಾತ್ರೆಯ ಇನ್ನೊಂದು ಡಬ್ಬಿ ತಂದರು. ಮುಂಜಾನೆ ತಾವೇ ಮಾತ್ರೆ ತೆಗೆದು, ನೀರಿನ ಲೋಟದ ಜೊತೆ ಕೊಟ್ಟು, ನಾನು ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ನಾನು ನುಂಗುತ್ತಿದ್ದೆ. ಅವರು ಹೋದ ಮೇಲೆ ರೂಢಿಯಂತೆ ಇನ್ನೊಂದನ್ನೂ ನುಂಗುತ್ತಿದ್ದೆ.

ಆ ತಿಂಗಳ ಕೊನೆಗೆ ಕಿವಿಯೇ ಮಂದವಾಗತೊಡಗಿತು. ಯಾರಾದರೂ ಮಾತಾಡಿದರೆ ಗೋಡೆಯ ಆಚೆಯಿಂದ ಮಾತಾಡಿದ ಹಾಗಿರುತ್ತಿತ್ತು. ಮೇಲಿನ ಓಣಿಯ ಮುದುಕಿಯೊಬ್ಬಳು ಗೋಧಿ ತಂದು ರವೆ ಮಾಡಿಕೊಡು ಎಂದಿದ್ದಳಂತೆ. ನಾನು ನುಣ್ಣಗೆ ಹಿಟ್ಟು ಮಾಡಿಸಿಟ್ಟೆ. ಅವಳು ಡಬ್ಬಿ ತೆರೆದು ನೋಡಿ ಕೈ ಬಾಯಿ ಮಾಡಿದಳು.

"ರವಾ ಅಂತ ಎರಡು ಸಲ ಒದರೀನಿ! ಗಂಡಗ ಕೇಳಸಂಗಿಲ್ಲ ಅಂತ ಹೆಂಡ್ತಿ ಮುಂದ ಹೇಳಿದ್ರ, ಈಗ ಹೆಂಡ್ತೀಗೂ ಕೇಳಸಂಗಿಲ್ಲೇನು?"

ನಮ್ಮವರು ಬೆಲ್ಟಿನ ಹತ್ತಿರ ನಿಂತಿದ್ದರು. ಮುದುಕಿಯ ತುಟಿ ಅವರ ಕಡೆಗೇ ಇತ್ತು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ.

ಅಂದು ಗಪ್ಪು ಬಿದ್ದಾಗ ಅವರು ಕಟ್ಟೆಗೆ ಹೋಗಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಹಿಟ್ಟು ಬೀಳುವ ಹಲಗೆಯ ಮುಂದೆ ನಿಲ್ಲಿಸಿದರು. "ಕಿವಿಯಾಗ ಏನೈತಿ?" ಎಂದು ಕೈಯಲ್ಲಿ ಕೇಳಿದರು.

"ಏನೂ ಇಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ಹಲಗೆಯ ಮೇಲೆ ಹರಡಿದ್ದ ಹಿಟ್ಟಿನಲ್ಲಿ ತೋರುಬೆರಳಿನಿಂದ ಒಂದು ಗೆರೆ ಎಳೆದರು. ಡೊಂಕಿಲ್ಲದ, ಎಲ್ಲೂ ಕಡಿಯದ ಗೆರೆ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಎಳೆದು, ತುದಿ ಮುಟ್ಟಿದ ಮೇಲೂ ಗಾಳಿಯಲ್ಲಿ ಬೆರಳನ್ನು ಮುಂದೆ ಮುಂದೆ ಒಯ್ದರು.

"ಹಿಂಗ?"

ಸುಳ್ಳು ಹೇಳಲು ಕೈ ಏಳಲಿಲ್ಲ. "ನಿನಗ ಹೆಂಗ ಗೊತ್ತು?" ಎಂದೆ.

ಅವರು ಹಿಟ್ಟಿನ ಚೀಲದ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಊರಿನವರೆಲ್ಲರ ಕತೆ ಹೇಳಿದವರು, ತಮ್ಮದೊಂದನ್ನು ಅವತ್ತು ಹೇಳಿದರು. ಒಂಬತ್ತನೇ ವರ್ಷ ಜ್ವರ ಬಂದಿತ್ತು. ಯಾರೋ ಸೂಜಿ ಚುಚ್ಚಿದರು, ದಿನಾ ಚುಚ್ಚಿದರು. ಜ್ವರ ಇಳಿಯಿತು. ಆಮೇಲೆ ಕಿವಿಯಲ್ಲಿ ಈ ಗೆರೆ ಶುರುವಾಯಿತು. "ಅವ್ವಗ ಹೇಳಿದೆ. ಅದರ ಕಡೆ ಲಕ್ಷ್ಯ ಕೊಡಬ್ಯಾಡ, ಹೋಗತೈತಿ ಅಂದಳು. ಅಪ್ಪಗ ಹೇಳಿದೆ. ಸಾಲಿ ತಪ್ಪಸಾಕ ನೆವ ಅಂದ. ಹನ್ನೊಂದು ದಿನ ಇತ್ತು. ಹನ್ನೆರಡನೇ ದಿನ ಮುಂಜಾನೆ ಎದ್ದೆ, ಗೆರಿ ಇರಲಿಲ್ಲ. ನನಗ ಎಷ್ಟು ಖುಷಿ ಆತು ಗೊತ್ತೇನು? ಹೋತು, ಅವ್ವ ಅಂದಿದ್ದು ಖರೆ ಆತು ಅಂತ ಹೇಳಾಕ ಓಡಿದೆ. ಅವ್ವ ಒಲಿ ಮುಂದ ಕುಂತಿದ್ದಳು. ನನ್ನ ನೋಡಿ ಏನೋ ಅಂದಳು. ಬರೇ ಬಾಯಿ ಅಲಗ್ಯಾಡಿತು."

ಅವರ ಕೈಗಳು ಅಲ್ಲಿಗೆ ನಿಂತವು. ನಾನು ಹತ್ತಿರ ಕೂರಲು ಹೋದರೆ ಬಿಡಲಿಲ್ಲ. ಎದ್ದು, ಹಸಿರು ಡಬ್ಬಿ ಎಲ್ಲಿದೆ ಎಂದು ಕೇಳಿ ಕಿಸೆಗೆ ಹಾಕಿಕೊಂಡು, ನನ್ನ ಮುಂಗೈ ಹಿಡಿದು ಹೊರಟೇಬಿಟ್ಟರು. ಕಟ್ಟೆಯ ಮೇಲೆ ಕಾಯುತ್ತಿದ್ದವರು ಎದ್ದು ನಿಂತು ಎಲ್ಲಿಗೆ ಎಂದು ಕೈ ಮಾಡಿದರು. ಅವರು ತಿರುಗಿ ನೋಡಲಿಲ್ಲ.

ಸರಕಾರಿ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ದಕ್ಷಿಣದ ಕಡೆಯವರು. ಗಪ್ಪಿನಲ್ಲಿ ಎದೆ ಬಡಿತ ಕೇಳಿಸುವುದಿಲ್ಲವೆಂದು ಆ ಹೊತ್ತಿನಲ್ಲಿ ಅವರು ರೋಗಿಗಳನ್ನು ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ನಮ್ಮವರನ್ನು ಕಂಡು ಒಳಗೆ ಕರೆದರು. ನಮ್ಮವರು ನನ್ನ ಕಿವಿ ತೋರಿಸಿದರು. ಡಾಕ್ಟರಮ್ಮನ ಕೈಮಾತು ಇನ್ನೂ ಹಸಿ. 'ನಿನ್ನ ಕಿವಿಯಲ್ಲಿ ನೋವಿದೆಯೇ' ಎಂದು ಕೇಳಲು ಹೋಗಿ 'ನಿನ್ನ ಕಿವಿಯಲ್ಲಿ ಎಮ್ಮೆ ಇದೆಯೇ' ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಅದು ನಮ್ಮವರಿಗೆ ಒಂದು ವಾರದ ಕತೆಯಾಗುತ್ತಿತ್ತು. ಅವತ್ತು ಅವರ ಮುಖದ ಗೆರೆ ಕೂಡ ಅಲುಗಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿದರು. ಡಾಕ್ಟರಮ್ಮ ಕನ್ನಡಕ ಏರಿಸಿ ಡಬ್ಬಿಯ ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಓದುತ್ತಿರುವಾಗಲೇ ಗಪ್ಪು ಹರಿಯಿತು. ಮೇಲಿನ ಫ್ಯಾನು ಕಟಕಟ ಎನ್ನತೊಡಗಿತು. ನನಗೆ ಅದೂ ದೂರದಿಂದ ಕೇಳಿಸಿತು.

"ದಿನಕ್ಕೆ ಎಷ್ಟು ತಗೊಳ್ತಿದ್ರಿ?" ಡಾಕ್ಟರಮ್ಮ ಕೇಳಿದರು.

ನಾನು ನಮ್ಮವರಿಗೆ ಬೆನ್ನು ತಿರುಗಿಸಲು ನೋಡಿದೆ. ಅವರು ಪಕ್ಕಕ್ಕೆ ಬಂದು ನನ್ನ ತುಟಿಯ ಮೇಲೆಯೇ ಕಣ್ಣಿಟ್ಟರು.

"ನಾಕು."

"ನಾಲ್ಕಾ? ಇದರಲ್ಲಿ ಬರೆದಿರೋದು ಎರಡು. ಈ ತೊಗಟೆಯ ಸಾರ ಇದೆಯಲ್ಲ, ಇದು ತಲೆನೋವಿನ ಮಾತ್ರೆಯ ಜಾತಿಯದ್ದೇ. ಹೆಚ್ಚಾದ್ರೆ ಕಿವಿ ಗುಂಯ್ ಅನ್ನುತ್ತೆ, ಕೇಳಿಸೋದೂ ಮಂದ ಆಗುತ್ತೆ. ಗಿಡದ್ದು ಅಂದ ಮಾತ್ರಕ್ಕೆ ಏನೂ ಮಾಡೋಲ್ಲ ಅಂತಲ್ಲಮ್ಮ. ಇವತ್ತೇ ನಿಲ್ಲಿಸಿಬಿಡಿ."

"ಹೋಗತೈತ್ರೀ?" ಇದನ್ನು ಕೇಳಿದವರು ನಮ್ಮವರು, ಬಾಯಿಂದ, ಎಷ್ಟು ಜೋರಾಗಿ ಎಂದರೆ ಹೊರಗೆ ಬೆಂಚಿನ ಮೇಲಿದ್ದವರು ಇಣುಕಿದರು.

ಡಾಕ್ಟರಮ್ಮ ಅವರ ಕಡೆ ತಿರುಗಿ, ತುಟಿ ಬಿಡಿಸಿ ನಿಧಾನವಾಗಿ ಹೇಳಿದರು. "ಸಾಮಾನ್ಯವಾಗಿ ಹೋಗುತ್ತೆ. ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ಇನ್ನೂ ಹೆಚ್ಚು. ಎಲ್ಲರಿಗೂ ಹೋಗೇ ಹೋಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ತಿಂಗಳಾದ್ರೂ ಹೋಗದಿದ್ರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡ್ತೀನಿ."

ದಾರಿಯುದ್ದಕ್ಕೂ ಅವರು ನನ್ನ ಮುಂದೆ ಮುಂದೆ ನಡೆದರು. ಬಾವಿಯ ಹತ್ತಿರ ಬಂದಾಗ ತಿರುಗಿ ನಿಂತರು. "ಯಾಕ ಹೇಳಲಿಲ್ಲ?" ಬಾಯಿಂದಲೇ ಕೇಳಿದರು. ನೀರು ಸೇದುವವರ ಕೈ ನಿಂತವು.

"ನೀವು ತಂದು ಕೊಟ್ಟಿದ್ರಿ. ಅದಕ್ಕ."

"ನಾ ಹೇಳಿದಾಗ ಯಾರೂ ಕೇಳಲಿಲ್ಲ. ನಿನಗ ಕೇಳಾವ ನಾ ಇದ್ದೆ. ನೀ ಹೇಳಲೇ ಇಲ್ಲ."

ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವರು ಬಾವಿಯ ಹೆಂಗಸರಿಗೆ ನೀರು ಕೇಳಿ, ನನ್ನ ಮುಖಕ್ಕೆ ತಾವೇ ಎರಚಿ ತೊಳೆದರು. ಮನೆಯವರೆಗೆ ಮುಂಗೈ ಬಿಡಲಿಲ್ಲ.

ಮರುದಿನ ಗಪ್ಪು ಬಿದ್ದಾಗ ಕಟ್ಟೆಯ ಕರಿಕಲ್ಲಿನ ಮೇಲೆ ಅವರು ಒಂದು ಬೊಗಸೆ ಹಿಟ್ಟು ಚೆಲ್ಲಿ ಹರಡಿದರು. ಜನ ಹೊಸ ಕತೆ ಎಂದು ಹತ್ತಿರ ಸರಿದರು. ಅವರು ಗೆರೆ ಎಳೆದು, ತಮ್ಮ ಕಿವಿ ತೋರಿಸಿ, "ಇದು ಯಾರ್‍ಯಾರ ಕಿವಿಯಾಗ ಐತಿ?" ಎಂದು ಕೇಳಿದರು. ಯಾರೂ ಅಲುಗಲಿಲ್ಲ. ನಾನು ಮುಂದೆ ಬಂದು ಗೆರೆಯ ಮೇಲೆ ಬೆರಳಿಟ್ಟೆ. ಆಮೇಲೆ ಪತ್ತಾರ ಓಣಿಯ ಮಾಸ್ತರರೊಬ್ಬರು ಬಂದು ಬೆರಳಿಟ್ಟರು. ಅವರದು ಕೂದಲಿನ ಮಾತ್ರೆ, ಅದರಲ್ಲೂ ಅದೇ ತೊಗಟೆ. ಆಮೇಲೆ ಅತ್ತೆ ಸೊಸೆ ಇಬ್ಬರು, ಒಬ್ಬರನ್ನೊಬ್ಬರು ಬೆರಗಿನಿಂದ ನೋಡುತ್ತಾ. ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಆಮೇಲೆ ಇನ್ನಿಬ್ಬರು. ಹೀಗೆ ಆರು ಜನವಾದೆವು. ಗಪ್ಪಿನಲ್ಲಿ ಸದ್ದು ಕೇಳಿಸುತ್ತದೆ ಅಂದರೆ ಹುಚ್ಚು ಹಿಡಿದಿದೆ ಅಂದಾರೆಂದು ಎಲ್ಲರೂ ಬಾಯಿ ಮುಚ್ಚಿ, ಕೈ ಕಟ್ಟಿ ಕೂತಿದ್ದೆವು.

ಕೊನೆಗೆ ಎದ್ದವಳು ಕಸ್ತೂರಕ್ಕ. ಅವಳು ಬೆರಳಿಡಲಿಲ್ಲ, ಅಂಗೈಯನ್ನೇ ಗೆರೆಯ ಮೇಲೆ ಊರಿದಳು. "ನನಗ ಒಂದು ವರ್ಷ ಆತು," ಎಂದಳು. "ಹೊಲಗಿ ಮಿಷನ್ನಿನ ಸದ್ದು ಕಿವಿಯಾಗ ಕುಂತೈತಿ ಅಂತ ತಿಳಿದಿದ್ದೆ. ನಿಮಗೆಲ್ಲಾ ನಾನೇ ಕೊಟ್ಟೆ." ಹಿಟ್ಟು ಹತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡಳು. ನಾನು ನಮ್ಮವರ ಕಡೆ ನೋಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿ, ಕಲ್ಲನ್ನು ತಟ್ಟಿ ಅವಳನ್ನು ಕೂರಿಸಿದರು. ಸಂಜೆ ಕಸ್ತೂರಕ್ಕ ಚೀಲ ಹಿಡಿದು ಮನೆ ಮನೆ ತಿರುಗಿ ಡಬ್ಬಿಗಳನ್ನು ವಾಪಸ್ ತಂದಳು. ಮೀಟಿಂಗಿಗೆ ಮತ್ತೆ ಹೋಗಲಿಲ್ಲ. ನನ್ನನ್ನು ಬಿಟ್ಟು ಉಳಿದ ಐವರಿಗೆ ಆ ಸದ್ದು ವಾರ ಹದಿನೈದು ದಿನದಲ್ಲಿ ಬಿಟ್ಟುಹೋಯಿತು. ಅವಳ ಎಡಗಿವಿಯಲ್ಲಿ ಇಂದಿಗೂ ಇದೆ.

ನನ್ನದು ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಗಪ್ಪು ಬಿದ್ದೊಡನೆ ನಾವಿಬ್ಬರೂ ಒಳಗೆ ಹಲಗೆಯ ಮುಂದೆ ಕೂರುತ್ತಿದ್ದೆವು. ಇವತ್ತು ಎಷ್ಟು ದಪ್ಪ ಎಂದು ನಾನು ಹಿಟ್ಟಿನಲ್ಲಿ ಎಳೆದು ತೋರಿಸಬೇಕು. ಮೊದಲೆರಡು ದಿನ ಹೆಬ್ಬೆರಳಿನಷ್ಟು. ಆಮೇಲೆ ಕಿರುಬೆರಳಿನಷ್ಟು. ಆರನೇ ದಿನ ಉಗುರಿನ ತುದಿಯಿಂದ ಎಳೆದೆ. ಗೆರೆ ತೆಳುವಾದಂತೆ ನನಗೆ ಹಿಗ್ಗು, ಅವರಿಗೆ ದಿಗಿಲು. ಅವರ ಲೆಕ್ಕದಲ್ಲಿ ಗೆರೆ ಮುಗಿಯುವುದೆಂದರೆ ಎಲ್ಲ ಮುಗಿಯುವುದು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಗಪ್ಪಿಲ್ಲದ ಹೊತ್ತಿನಲ್ಲಿ ನನ್ನ ಹಿಂದೆ ಬಂದು ಡಬ್ಬಿಯ ಮುಚ್ಚಳ ಬೀಳಿಸುತ್ತಿದ್ದರು. ನಾನು ತಿರುಗಿದರೆ, ಕೈಜಾರಿತು ಎಂಬಂತೆ ಎತ್ತಿಕೊಂಡು ಹೋಗುತ್ತಿದ್ದರು. ಒಂದೇ ದಿನ ಎಷ್ಟೊಂದು ಮುಚ್ಚಳ ಬಿದ್ದವು.

ಒಂಬತ್ತನೇ ದಿನ ಗಪ್ಪು ಬಿದ್ದು ಸ್ವಲ್ಪ ಹೊತ್ತಾಗಿತ್ತು. ನಾನು ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದೆ. ಎಳೆಯುತ್ತಿರುವಾಗಲೇ ಒಳಗಿನ ಸದ್ದು ನಿಂತಿತು. ಬೆರಳು ಹಲಗೆಯ ನಡುವೆ ನಿಂತಿತು.

"ಹೋತು," ಎಂದೆ.

"ಯಾವಾಗ?"

"ಈಗ. ಇಲ್ಲೇ."

ಅವರು ಗೆರೆ ನಿಂತ ಜಾಗವನ್ನೇ ನೋಡಿದರು. ಆಗ ನನಗೂ ತಲೆಗೆ ಹೊಳೆಯಿತು. ಇದು ವಾಸಿಯಾದದ್ದೋ, ಕಿವಿಯೇ ಹೋದದ್ದೋ, ಗಪ್ಪು ಹರಿಯುವವರೆಗೆ ತಿಳಿಯುವ ಹಾಗಿಲ್ಲ. ಇನ್ನೂ ಮುಕ್ಕಾಲು ಗಂಟೆ ಇತ್ತು. ಅವರು ನನ್ನ ಕೈಗಳನ್ನು ಹಿಡಿದು ಉಜ್ಜಿದರು. ಬಿಟ್ಟು ಹೇಳಿದರು.

"ಕೇಳಿಸಲಿಲ್ಲ ಅಂದ್ರ ಹೆದರಬ್ಯಾಡ. ಅಲ್ಲಿ ನಾ ಅದೀನಿ. ಬಾಳ ವರ್ಷದಿಂದ ಅದೀನಿ. ದಾರಿ ಎಲ್ಲಾ ಗೊತ್ತೈತಿ ನನಗ."

"ಹೆಂಗಿರತೈತಿ ಅಲ್ಲಿ?"

"ಮದಲನೇ ವರ್ಷ ಎಲ್ಲಾರ ಬಾಯಿ ಮ್ಯಾಲೂ ಸಿಟ್ಟು ಬರತೈತಿ. ಆಮ್ಯಾಲ ಮಂದಿ ಬಾಯಿಂದ ಸುಳ್ಳು ಹೇಳತಾರ, ಹುಬ್ಬಿನಿಂದ ಹೇಳಾಕ ಬರಂಗಿಲ್ಲ ಅಂತ ತಿಳಿತೈತಿ. ಅದು ಚಲೋ. ಮಳಿ ಮಾತ್ರ ಬ್ಯಾರೆ ಆಗತೈತಿ. ಬರೇ ಒದ್ದಿ ಆಗತೈತಿ." ಅವರು ಮತ್ತೆ ಕೈ ಎತ್ತಿದರು. "ನೀ ಬಂದ್ರ ನನಗ ಜೋಡಿ ಆಗತಿ. ಆದ್ರ ಬರಬ್ಯಾಡ. ದೇವರಾಣಿ, ಬರಬ್ಯಾಡ ನೀ."

ನಾನು ಅವರ ಎದೆಗೆ ಹಣೆ ಹಚ್ಚಿದೆ. ಅವರು ನನ್ನನ್ನು ಮೆಲ್ಲಗೆ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ತಾವು ನನ್ನ ಬೆನ್ನ ಹಿಂದೆ ಕೂತರು. ಯಾಕೆಂದು ತಿಳಿಯಲಿಲ್ಲ. ಆಮೇಲೆ ಕತ್ತಿನ ಹಿಂದೆ ಅವರ ಉಸಿರು ತಾಗಿತು. ಒಂದು ಸಲ. ಸ್ವಲ್ಪ ಬಿಟ್ಟು ಮತ್ತೊಂದು ಸಲ. ಅವರು ಏನನ್ನೋ ಹೇಳುತ್ತಿದ್ದರು, ಬಾಯಿಂದ. ಗಪ್ಪು ಯಾವಾಗ ಹರಿಯುತ್ತದೆಂದು ಅವರಿಗೆ ತಿಳಿಯುವಂತಿಲ್ಲ. ಅದಕ್ಕೇ ಅದು ಹರಿಯುವಾಗ ನಡುವೆ ಖಾಲಿ ಇರಬಾರದೆಂದು ಮೊದಲೇ ಶುರು ಮಾಡಿದ್ದರು. ನಾನು ಗೋಡೆಯ ಮೇಲಿನ ಹಿಟ್ಟಿನ ಧೂಳು ನೋಡುತ್ತಾ, ಬೆನ್ನ ಮೇಲೆ ಆ ಉಸಿರು ಎಣಿಸುತ್ತಾ ಕೂತೆ. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ.

"...ಲಾ!"

ಬೆಚ್ಚಿಬಿದ್ದೆ.

"ನೀಲಾ!"

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಯಾವಾಗಲೂ ಭುಜ ಮುಟ್ಟಿ ಕರೆಯುವವರು. ಅಷ್ಟು ಹೊತ್ತು ಕೂಗಿ ಕೂಗಿ ದನಿ ಒಡೆದಿತ್ತು. ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಗಂಟಲು ಬಿಚ್ಚಿ, ಸ್ವರ ಎಲ್ಲೆಲ್ಲೋ ಹೋಗಿ, ಗಿರಣಿಯ ತಗಡೆಲ್ಲ ಝಲ್ಲೆನ್ನುವ ಹಾಗೆ ಕರೆಯುತ್ತಿದ್ದರು. ಗೋಡೆಯ ಆಚೆಯಿಂದಲ್ಲ, ಕಿವಿಯ ಹತ್ತಿರದಿಂದ ಕೇಳಿಸಿತು.

"ಓ!" ಎಂದೆ.

ನನ್ನ ಮುಖ ಗೋಡೆಯ ಕಡೆಗಿತ್ತು. ಅವರಿಗೆ ತಿಳಿಯಲಿಲ್ಲ. "ನೀಲಾ!" ಮತ್ತೆ ಕರೆದರು. ನಾನು ಗರ್‍ರನೆ ತಿರುಗಿ ಅವರ ಕಣ್ಣ ಮುಂದೆ ತುಟಿ ಗುಂಡಗೆ ಮಾಡಿ "ಓ!" ಎಂದೆ. ಅವರು ಅಷ್ಟಕ್ಕೆ ನಂಬಲಿಲ್ಲ. ತುಟಿ ನೋಡಿ ಹೇಳಿದೆನೆಂದು ತಿಳಿದು ಅಂಗೈಯಿಂದ ಬಾಯ್ಮುಚ್ಚಿಕೊಂಡು, ಆ ಕೈಯ ಹಿಂದಿನಿಂದ ಕರೆದರು. ನಾನು ಓ ಎಂದೆ. ಅವರ ಕಣ್ಣಲ್ಲಿ ನೀರು ಬಂದು ಕೆನ್ನೆಯ ಹಿಟ್ಟಿನಲ್ಲಿ ಇಳಿಯುತ್ತಿದ್ದರೂ ಕೈ ತೆಗೆಯಲಿಲ್ಲ. ಕೂಗಾಟ ಕೇಳಿ ಕಸ್ತೂರಕ್ಕ ಮತ್ತು ಕಟ್ಟೆಯ ಜನರೆಲ್ಲ ಓಡಿ ಬಂದು ಬಾಗಿಲಲ್ಲಿ ನಿಂತಿದ್ದರು. "ಏನಾತ್ರೀ, ಏನಾತು?" ಎಂದು ಕೇಳುತ್ತಿದ್ದರು. ಯಾರಿಗೂ ಹೇಳಲು ನನಗೆ ಪುರುಸೊತ್ತಿರಲಿಲ್ಲ. ಅವರು ಮತ್ತೆ ಕರೆದರು, ನಾನು ಮತ್ತೆ ಓ ಎಂದೆ.